ಮಂಗಳೂರಿನ ರಜೆಯಲ್ಲಿ ಗುಟ್ಟಾಗಿ ಆಪರೇಷನ್ ಮಾಡಿಸಿಕೊಳ್ಳಲೇ?

ಪ್ರಶ್ನೆ: ಮೇಡಂ, ನನಗೆ 38 ವರ್ಷ. ಊರು ಕುಂದಾಪುರದ ಕಡೆ. ಮದುವೆಯಾದ ಮೇಲೆ ಕುವೈತಿಗೆ ಬಂದವಳು, ಮಹಬೂಲಾದಲ್ಲಿ ಫ್ಲ್ಯಾಟ್ ಮಾಡಿಕೊಂಡಿದ್ದೇವೆ. ಇವರಿಗೆ ರಿಫೈನರಿಯ ಗುತ್ತಿಗೆ ಕಂಪನಿಯಲ್ಲಿ ಶಿಫ್ಟ್ ಕೆಲಸ. ನಾನು ಫಹಾಹೀಲ್‌ನ ಒಂದು ಆಫೀಸಿನಲ್ಲಿ ಅಕೌಂಟ್ಸ್ ನೋಡುತ್ತೇನೆ. ಇಬ್ಬರು ಮಕ್ಕಳು. ಎತ್ತರ 158 ಸೆಂ.ಮೀ., ತೂಕ 96 ಕೆ.ಜಿ. ನಾಲ್ಕು ವರ್ಷದಿಂದ ಶುಗರ್. ಎರಡು ಬಗೆಯ ಮಾತ್ರೆ ತಿಂದರೂ ಮೂರು ತಿಂಗಳ ಸರಾಸರಿ 8.6ಕ್ಕಿಂತ ಕೆಳಗೆ ಬಂದಿಲ್ಲ. ರಾತ್ರಿ ಜೋರಾಗಿ ಗೊರಕೆ ಹೊಡೆಯುತ್ತೇನಂತೆ. ಎದೆಯುರಿಗೆ ದಿನಾ ಒಂದು ಮಾತ್ರೆ ನುಂಗುತ್ತೇನೆ.

ನಾನು ತೂಕ ಇಳಿಸಿಯೇ ಇಲ್ಲ ಎಂದಲ್ಲ. ಮೊದಲ ಸಲ ಅನ್ನ ಬಿಟ್ಟು 14 ಕೆ.ಜಿ. ಇಳಿಸಿದ್ದೆ. 2020ರಲ್ಲಿ ಮಹಬೂಲಾಕ್ಕೆ ಬೇಲಿ ಹಾಕಿ ಮುಚ್ಚಿದಾಗ ಮನೆಯೊಳಗೇ ಕೂತು ಅದಷ್ಟೂ ವಾಪಸ್ ಬಂತು, ಮೇಲೆ ಬಡ್ಡಿಯೂ ಬಂತು. ಆಮೇಲೆ ಜಿಮ್ಮಿಗೆ ಸೇರಿದೆ, ಅದೂ ಅದೇ ಕತೆ. ಕಳೆದ ವರ್ಷ ವಾರಕ್ಕೊಂದು ಇಂಜೆಕ್ಷನ್ ತೆಗೆದುಕೊಂಡೆ. ಹಸಿವೇ ಇರಲಿಲ್ಲ, 11 ಕೆ.ಜಿ. ಹೋಯಿತು. ಮಕ್ಕಳ ಫೀಸು ಕಟ್ಟುವ ಹೊತ್ತಿಗೆ ಅದನ್ನು ನಿಲ್ಲಿಸಬೇಕಾಯಿತು. ಈಗ ಹಳೆಯ ಬ್ಲೌಸೂ ಕೈಗೆ ಏರುವುದಿಲ್ಲ.

ಆಫೀಸಿನಲ್ಲಿ ಇಬ್ಬರು ಕುವೈತಿ ಹೆಂಗಸರು ತಕ್ಮೀಮ್ ಎಂಬ ಹೊಟ್ಟೆ ಚಿಕ್ಕದು ಮಾಡುವ ಆಪರೇಷನ್ ಮಾಡಿಸಿಕೊಂಡು ಅರ್ಧಕ್ಕರ್ಧ ಇಳಿದಿದ್ದಾರೆ. ಇವರು ಮಾತ್ರ ‘ಬಾಯಿ ಕಟ್ಟಿದ್ರೆ ಸಾಕು, ಹೊಟ್ಟೆ ಕೊಯ್ಯಿಸ್ಕೊಳ್ಳೋದು ಯಾಕೆ’ ಅನ್ನುತ್ತಾರೆ. ಅಮ್ಮ ಬೆಂಗಳೂರಿನ ಆ ಟಿವಿ ನಟಿಯ ಸುದ್ದಿ ಎತ್ತಿ ಫೋನಿನಲ್ಲೇ ಅಳುತ್ತಾರೆ. ಅತ್ತೆಗಂತೂ ಹೇಳುವ ಹಾಗೇ ಇಲ್ಲ. ಜುಲೈಯಲ್ಲಿ ನನಗೆ 35 ದಿನ ರಜೆ, ಇವರು ಬರುವುದು ಕೊನೆಯ ಹತ್ತು ದಿನಕ್ಕೆ. ಮಂಗಳೂರಿನ ಒಂದು ಆಸ್ಪತ್ರೆಯಲ್ಲಿ ವಿಚಾರಿಸಿದೆ, ಪ್ಯಾಕೇಜ್ ಇದೆಯಂತೆ. ಊರಿಗೆ ಹೋದ ಮೊದಲ ವಾರವೇ ಮಾಡಿಸಿಕೊಂಡು, ಗಾಲ್‌ಬ್ಲ್ಯಾಡರ್ ಕಲ್ಲು ತೆಗೆಸಿದ್ದು ಎಂದು ಎಲ್ಲರಿಗೂ ಹೇಳಿಬಿಡುವುದೆಂದು ಇದ್ದೇನೆ. ಇವರಿಗೆ ನಿಧಾನಕ್ಕೆ ತಿಳಿಸಿದರಾಯಿತು. (ಇನ್ನೊಂದು ವಿಷಯ ಯಾರಿಗೂ ಹೇಳಿಲ್ಲ. ಇವರಿಗೆ ನೈಟ್ ಶಿಫ್ಟ್ ಇದ್ದಾಗ, ಮಕ್ಕಳು ಮಲಗಿದ ಮೇಲೆ ಅಡುಗೆಮನೆಯಲ್ಲಿ ನಿಂತು ತಿನ್ನುತ್ತೇನೆ. ಹೊಟ್ಟೆ ತುಂಬಿದರೂ ಕೈ ನಿಲ್ಲುವುದಿಲ್ಲ.) ಮಾಡಿಸಿಕೊಳ್ಳಲೇ, ಬೇಡವೇ? ಒಂದೇ ಮಾತಿನಲ್ಲಿ ಹೇಳಿ.

ಉತ್ತರ: ಒಂದೇ ಮಾತು ಕೇಳಿದ್ದೀರಿ, ಕೊಡುತ್ತೇನೆ. ಆಪರೇಷನ್ ನಿಮಗೆ ಒಪ್ಪುವ ಚಿಕಿತ್ಸೆಯೇ ಇರಬಹುದು, ಆದರೆ ನೀವು ಹಾಕಿಕೊಂಡಿರುವ ಜುಲೈಯ ಲೆಕ್ಕಾಚಾರ ಬೇಡ. ಇಷ್ಟಕ್ಕೇ ನಿಲ್ಲಿಸಬಹುದಿತ್ತು. ಆದರೆ ನಿಮ್ಮ ಕಾಗದದಲ್ಲಿ ಆವರಣದೊಳಗೆ ಬಚ್ಚಿಟ್ಟ ಮೂರು ಸಾಲು ನನ್ನನ್ನು ಕೂರಿಸಿವೆ. ಅದಕ್ಕೆ ಬರುತ್ತೇನೆ. ನಾನು ಆಪ್ತಸಮಾಲೋಚಕಿ, ಸರ್ಜನ್ ಅಲ್ಲ. ಕತ್ತರಿಯ ವಿಷಯದಲ್ಲಿ ಕೊನೆಯ ಮಾತು ನಿಮ್ಮನ್ನು ಪರೀಕ್ಷಿಸಿದ ವೈದ್ಯರದ್ದು.

ಮೊದಲು ನಿಮ್ಮ ಯಜಮಾನರ ‘ಬಾಯಿ ಕಟ್ಟಿದ್ರೆ ಸಾಕು’ ಎಂಬ ಮಾತನ್ನು ನೋಡೋಣ. ನೀವು ಬಾಯಿ ಕಟ್ಟಿದ್ದೀರಿ, ಒಂದು ಸಲವಲ್ಲ, ಮತ್ತೆ ಮತ್ತೆ. ಕಟ್ಟಲು ಬಾರದವಳು 14 ಕೆ.ಜಿ. ಇಳಿಸುವುದಿಲ್ಲ. ಇಳಿದದ್ದು ಉಳಿಯಲಿಲ್ಲ ಅಷ್ಟೆ, ಉಳಿಯದಿರುವುದಕ್ಕೆ ನಾಲಿಗೆಯ ಚಪಲಕ್ಕಿಂತ ದೊಡ್ಡ ಕಾರಣವಿದೆ. 2011ರಲ್ಲಿ ಆಸ್ಟ್ರೇಲಿಯಾದ ಸಂಶೋಧಕರು 50 ಮಂದಿಗೆ ಹತ್ತು ವಾರ ಬಹಳ ಕಡಿಮೆ ಕ್ಯಾಲೊರಿಯ ಆಹಾರ ಕೊಟ್ಟು ತೂಕ ಇಳಿಸಿದರು. ಒಂದು ವರ್ಷ ಬಿಟ್ಟು ರಕ್ತ ಪರೀಕ್ಷಿಸಿದರೆ, ಹಸಿವು ಹುಟ್ಟಿಸುವ ಗ್ರೆಲಿನ್ ಎಂಬ ಹಾರ್ಮೋನು ಇನ್ನೂ ಮೇಲೆಯೇ ಇತ್ತು, ಹೊಟ್ಟೆ ತುಂಬಿತೆಂದು ಮಿದುಳಿಗೆ ಹೇಳುವ ಹಾರ್ಮೋನುಗಳು ಕೆಳಗೇ ಇದ್ದವು. ಅಮೆರಿಕದಲ್ಲಿ ತೂಕ ಇಳಿಸುವ ಟಿವಿ ಸ್ಪರ್ಧೆಯೊಂದರಲ್ಲಿ ಭಾಗವಹಿಸಿದ್ದ 14 ಮಂದಿಯನ್ನು ಆರು ವರ್ಷದ ನಂತರ ಪರೀಕ್ಷಿಸಿದ ಕೆವಿನ್ ಹಾಲ್ ತಂಡ 2016ರಲ್ಲಿ ಇನ್ನೊಂದು ವಿಷಯ ಹೇಳಿತು. ಅವರ ದೇಹ ಸುಮ್ಮನೆ ಕೂತಾಗ ಸುಡುವ ಶಕ್ತಿ, ಅವರ ಗಾತ್ರಕ್ಕೆ ಇರಬೇಕಾದ್ದಕ್ಕಿಂತ ದಿನಕ್ಕೆ ಸುಮಾರು 500 ಕ್ಯಾಲೊರಿ ಕಡಿಮೆಯಾಗಿತ್ತು. ಅಂದರೆ ತೂಕ ಇಳಿಸಿದವಳ ದೇಹ ಬರಗಾಲ ಬಂತೆಂದು ತಿಳಿದು ಕಣಜಕ್ಕೆ ಬೀಗ ಹಾಕಿಕೊಂಡಿರುತ್ತದೆ, ಹಸಿವನ್ನು ಮಾತ್ರ ಹೊರಗೆ ಬಿಟ್ಟಿರುತ್ತದೆ. ಈ ಪ್ಯಾರಾವನ್ನು ಯಜಮಾನರಿಗೆ ಓದಿ ಹೇಳಿ. ಜಗಳಕ್ಕಲ್ಲ, ತಿಳಿಯಲಿ ಎಂದು.

ನೀವಿರುವ ಜಾಗದ ಪಾಲೂ ಇದೆ. 2020ರ ಏಪ್ರಿಲ್ 6ರಿಂದ ಮಹಬೂಲಾ ಮತ್ತು ಜಲೀಬ್ ಅಲ್ ಶುಯೂಖ್ ಪ್ರದೇಶಗಳನ್ನು ಸರ್ಕಾರ ಸುಮಾರು ಮೂರು ತಿಂಗಳು ಪೂರ್ತಿ ಮುಚ್ಚಿತ್ತು. ಉಳಿದ ಕುವೈತ್ ಒಂದಿಷ್ಟಾದರೂ ಓಡಾಡುತ್ತಿದ್ದಾಗ ನೀವು ಫ್ಲ್ಯಾಟಿನಲ್ಲಿ ಮಕ್ಕಳನ್ನು ಹಿಡಿದುಕೊಂಡು ಕೂತಿದ್ದಿರಿ. ಆಗ ಬಂದ ತೂಕಕ್ಕೆ ನಿಮ್ಮನ್ನೇ ದೂರಿಕೊಳ್ಳಬೇಡಿ. ಜೂನ್‌ನಿಂದ ಆಗಸ್ಟ್ ಕೊನೆಯವರೆಗೆ ಬೆಳಗಿನ 11ರಿಂದ ಸಂಜೆ 4ರ ತನಕ ಹೊರಗೆ ಬಿಸಿಲಿನಲ್ಲಿ ಕೆಲಸ ಮಾಡಿಸಬಾರದೆಂದು ಸರ್ಕಾರವೇ ನಿಯಮ ಮಾಡಿರುವ ನಾಡದು. ಅಲ್ಲಿ ‘ದಿನಾ ವಾಕಿಂಗ್ ಹೋಗು’ ಎನ್ನುವ ಸಲಹೆಗೆ ವರ್ಷದಲ್ಲಿ ಆರೇಳು ತಿಂಗಳಷ್ಟೇ ಅರ್ಥ. ಅಲ್ಲಿನ ವಯಸ್ಕರಲ್ಲಿ ಹತ್ತಕ್ಕೆ ನಾಲ್ವರ ಆಸುಪಾಸು ಬೊಜ್ಜಿನವರು. ತಲಾವಾರು ಲೆಕ್ಕದಲ್ಲಿ ಜಗತ್ತಿನಲ್ಲೇ ಅತಿ ಹೆಚ್ಚು ಬೊಜ್ಜಿನ ಶಸ್ತ್ರಚಿಕಿತ್ಸೆಗಳು ನಡೆಯುವ ದೇಶಗಳಲ್ಲಿ ಕುವೈತ್ ಒಂದು. ನಿಮ್ಮ ಆಫೀಸಿನವರು ತಕ್ಮೀಮ್ ಬಗ್ಗೆ ಹಲ್ಲು ಕೀಳಿಸಿದಷ್ಟು ಸಲೀಸಾಗಿ ಮಾತಾಡುವುದು ಅದಕ್ಕೇ. ಕುಂದಾಪುರದಲ್ಲಿ ಅದೇ ಮಾತಿಗೆ ಬಾಯಿಗೆ ಸೆರಗು ಅಡ್ಡ ಬರುತ್ತದೆ. ನೀವು ಈ ಎರಡರ ನಡುವೆ ನಿಂತಿದ್ದೀರಿ.

ನಿಮಗೆ ಆಪರೇಷನ್ ‘ಬೇಕಾಗುವಷ್ಟು’ ತೂಕ ಇದೆಯೇ? ನಿಮ್ಮ ಬಿಎಂಐ 38ರ ಮೇಲಿದೆ. 1991ರ ಅಮೆರಿಕದ ಹಳೆಯ ಮಾರ್ಗಸೂಚಿಯಲ್ಲಿ 40 ಇರಬೇಕಿತ್ತು, ಇಲ್ಲವೇ 35ರ ಜೊತೆ ಗಂಭೀರ ಕಾಯಿಲೆ ಇರಬೇಕಿತ್ತು. 2022ರಲ್ಲಿ ಈ ಕ್ಷೇತ್ರದ ಎರಡು ದೊಡ್ಡ ಸಂಘಗಳು ಅದನ್ನು ಸಡಿಲಿಸಿ, 35 ದಾಟಿದವರಿಗೆ ಬೇರೆ ಕಾಯಿಲೆ ಇಲ್ಲದಿದ್ದರೂ ಶಿಫಾರಸು ಮಾಡಬಹುದೆಂದವು. ನಮ್ಮಂಥ ಏಷ್ಯಾದವರಿಗೆ ಕಡಿಮೆ ತೂಕಕ್ಕೇ ಶುಗರ್ ಅಂಟಿಕೊಳ್ಳುವುದರಿಂದ 27.5ರಿಂದಲೇ ಯೋಚಿಸಬಹುದೆಂದವು. ಯಾವ ಅಳತೆಗೋಲು ಹಿಡಿದರೂ ನೀವು ಒಳಗೇ ಇದ್ದೀರಿ. ಶುಗರ್‌ನ ವಿಷಯದಲ್ಲಿ ನಿಮ್ಮ ಪರವಾಗಿ ಎರಡು ಅಂಶಗಳಿವೆ. ಬಂದು ನಾಲ್ಕೇ ವರ್ಷವಾಗಿದೆ, ಇನ್ಸುಲಿನ್ ಶುರುವಾಗಿಲ್ಲ. ಇಂಥವರಿಗೇ ಈ ಚಿಕಿತ್ಸೆ ಹೆಚ್ಚು ಫಲ ಕೊಡುವುದು. ಕ್ಲೀವ್‌ಲ್ಯಾಂಡಿನಲ್ಲಿ 150 ಮಂದಿಯ ಮೇಲೆ ನಡೆದ ಅಧ್ಯಯನದಲ್ಲಿ ಐದು ವರ್ಷದ ನಂತರ ಮೂರು ತಿಂಗಳ ಸರಾಸರಿ 6 ಅಥವಾ ಅದಕ್ಕಿಂತ ಕೆಳಗೆ ಬಂದವರು ಬರೀ ಔಷಧಿಯವರಲ್ಲಿ ಶೇ. 5, ಸ್ಲೀವ್ ಎಂಬ ಆಪರೇಷನ್ ಆದವರಲ್ಲಿ ಶೇ. 23, ಬೈಪಾಸ್ ಎಂಬುದು ಆದವರಲ್ಲಿ ಶೇ. 29 (ಇವೆರಡೂ ಏನೆಂದು ಮುಂದೆ ಹೇಳುತ್ತೇನೆ). ಸರ್ಜರಿ ಎಲ್ಲರ ಶುಗರನ್ನೂ ಓಡಿಸುವುದಿಲ್ಲ ಎಂಬುದೂ ಇದೇ ಅಂಕಿಗಳಲ್ಲಿದೆ.

ಇನ್ನು ಅಮ್ಮನ ಕಣ್ಣೀರು. 2022ರ ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿ ತೀರಿಕೊಂಡ ಕಿರುತೆರೆ ನಟಿ ಚೇತನಾ ರಾಜ್ ಅವರ ಸುದ್ದಿ ಅಮ್ಮನ ಮನಸ್ಸಿನಲ್ಲಿದೆ. ಆ ಹುಡುಗಿಗೆ 21 ವರ್ಷ. ಅಲ್ಲಿ ಆದದ್ದು ಚರ್ಮದಡಿಯ ಕೊಬ್ಬು ತೆಗೆಯುವ ಪ್ಲಾಸ್ಟಿಕ್ ಸರ್ಜರಿ. ಅಂದಕ್ಕಾಗಿ ಮಾಡಿಸುವ ಆ ಕೆಲಸಕ್ಕೂ ಶುಗರ್‌ಗೂ ಸಂಬಂಧವಿಲ್ಲ, ಹಸಿವನ್ನೂ ಅದು ತಗ್ಗಿಸುವುದಿಲ್ಲ. ನೀವು ಯೋಚಿಸುತ್ತಿರುವುದು ಜಠರದ ಆಪರೇಷನ್, ಅದು ಬೇರೆಯೇ. ನುರಿತ ಕೈಗಳಲ್ಲಿ ಅದರಿಂದ ಸಾವು ಸಾವಿರಕ್ಕೆ ಒಂದರ ಆಸುಪಾಸು. ಹೆಚ್ಚುಕಡಿಮೆ ಗಾಲ್‌ಬ್ಲ್ಯಾಡರ್ ತೆಗೆಯುವಷ್ಟೇ. ಅಮ್ಮನಿಗೆ ಇದನ್ನು ಹೇಳಿ. ಸಾವಿರಕ್ಕೆ ಒಂದು ಎಂದರೆ ಸೊನ್ನೆಯಲ್ಲ ಎಂಬುದನ್ನು ನೀವು ನೆನಪಿಡಿ.

ಗಾಲ್‌ಬ್ಲ್ಯಾಡರ್ ಎಂದಾಗ ನಗು ಬಂತು, ಕ್ಷಮಿಸಿ. ತೂಕ ಬೇಗ ಇಳಿದವರಿಗೆ ಪಿತ್ತಕೋಶದಲ್ಲಿ ಕಲ್ಲು ಕಟ್ಟುವುದು ಈ ಆಪರೇಷನ್ನಿನ ಗೊತ್ತಿರುವ ಅಡ್ಡಪರಿಣಾಮ. ನೀವು ಊರಿಗೆಲ್ಲ ಗಾಲ್‌ಬ್ಲ್ಯಾಡರ್ ಹೋಯಿತೆಂದು ಸಾರಿ, ಎಂಟು ತಿಂಗಳಿಗೆ ನಿಜವಾಗಿಯೇ ಅದನ್ನು ತೆಗೆಸಬೇಕಾಗಿ ಬಂದರೆ ಅತ್ತೆಗೆ ಏನು ಹೇಳುತ್ತೀರಿ?

ಆಫೀಸಿನ ಗೆಳತಿಯರಿಗೆ ಆದದ್ದೇ ನಿಮಗೂ ಆಗಬೇಕೆಂದು ಹೊರಟಿದ್ದೀರಿ, ಅಲ್ಲಿ ಸ್ವಲ್ಪ ನಿಲ್ಲಿ. ತಕ್ಮೀಮ್ ಎಂದರೆ ಸ್ಲೀವ್. ಜಠರದ ಮುಕ್ಕಾಲು ಪಾಲಿಗೂ ಮೇಲೆ ಕತ್ತರಿಸಿ ತೆಗೆದು ಬಾಳೆಕಾಯಿ ಗಾತ್ರದ ಕೊಳವೆಯಷ್ಟು ಉಳಿಸುತ್ತಾರೆ. ತೆಗೆದದ್ದನ್ನು ಮತ್ತೆ ಜೋಡಿಸಲು ಬರುವುದಿಲ್ಲ. ಗ್ರೆಲಿನ್ ಹೆಚ್ಚು ಸ್ರವಿಸುವ ಭಾಗವೇ ಹೊರಟುಹೋಗುವುದರಿಂದ ಹಸಿವು ತಗ್ಗುತ್ತದೆ. ಬೈಪಾಸ್‌ನಲ್ಲಿ ಜಠರದ ಮೇಲ್ತುದಿಯಲ್ಲಿ ಚಿಕ್ಕ ಚೀಲ ಮಾಡಿ ಅದನ್ನು ನೇರ ಸಣ್ಣಕರುಳಿಗೆ ಸೇರಿಸುತ್ತಾರೆ. ಸ್ಲೀವ್ ಸರಳ, ಅದಕ್ಕೇ ಜನಪ್ರಿಯ. ಆದರೆ ನೀವು ದಿನಾ ಎದೆಯುರಿ ಮಾತ್ರೆ ನುಂಗುವವರು. ಸ್ವಿಟ್ಜರ್ಲೆಂಡಿನಲ್ಲಿ ಎರಡನ್ನೂ ಐದು ವರ್ಷ ಹೋಲಿಸಿ ನೋಡಿದಾಗ, ಮೊದಲೇ ಎದೆಯುರಿ ಇದ್ದವರ ಪೈಕಿ ಸ್ಲೀವ್ ಆದ ಸುಮಾರು ಶೇ. 32 ಮಂದಿಗೆ ಅದು ಹೆಚ್ಚಾಯಿತು, ಬೈಪಾಸ್ ಆದವರಲ್ಲಿ ಶೇ. 6 ಮಂದಿಗೆ. ನಿಮ್ಮ ಕಾಗದದಲ್ಲಿ ಗಾಲ್‌ಬ್ಲ್ಯಾಡರ್‌ನ ಕಟ್ಟುಕತೆಗೆ ಒಂದಿಡೀ ವಾಕ್ಯ ಸಿಕ್ಕಿದೆ, ಯಾವ ಆಪರೇಷನ್ ಎಂಬುದಕ್ಕೆ ಒಂದು ಪದವೂ ಇಲ್ಲ. ಎಂಡೋಸ್ಕೋಪಿ ಮಾಡದೆ, ಎದೆಯುರಿಯ ಮಾತು ಕೇಳದೆ ಫೋನಿನಲ್ಲೇ ಸ್ಲೀವ್ ಪ್ಯಾಕೇಜಿನ ದರ ಹೇಳುವ ಆಸ್ಪತ್ರೆ ಎಷ್ಟೇ ಹೆಸರುವಾಸಿಯಾಗಿದ್ದರೂ ನಾನು ಎದ್ದು ಬರುತ್ತಿದ್ದೆ.

ಇಂಜೆಕ್ಷನ್ ನಿಲ್ಲಿಸಿದ ಮೇಲೆ ತೂಕ ಮರಳಿದ್ದಕ್ಕೂ ಕುಗ್ಗಿದ್ದೀರಿ. ಇಂಥದೇ ಇಂಜೆಕ್ಷನ್ನಾದ ಸೆಮಾಗ್ಲುಟೈಡ್‌ನ ಪ್ರಯೋಗದಲ್ಲಿ 68 ವಾರಕ್ಕೆ ಸರಾಸರಿ ಸುಮಾರು ಶೇ. 15ರಷ್ಟು ತೂಕ ಇಳಿಯಿತು. ನಿಲ್ಲಿಸಿ ಒಂದು ವರ್ಷಕ್ಕೆ ಇಳಿದದ್ದರಲ್ಲಿ ಮೂರನೇ ಎರಡು ಭಾಗ ವಾಪಸ್ ಬಂತು. ಬಿಪಿ ಮಾತ್ರೆ ಬಿಟ್ಟರೆ ಬಿಪಿ ಏರುವ ಹಾಗೆಯೇ ಇದು. ಇಂಥ ಇಂಜೆಕ್ಷನ್‌ಗಳಲ್ಲಿ ಮೌಂಜಾರೊ ಭಾರತಕ್ಕೆ 2025ರ ಮಾರ್ಚ್‌ನಲ್ಲಿ ಬಂತು, ವೆಗೋವಿ ಅದೇ ವರ್ಷದ ಜೂನ್‌ನಲ್ಲಿ. ವರ್ಷಾನುಗಟ್ಟಲೆ ತೆಗೆದುಕೊಳ್ಳುವ ಶಕ್ತಿ ಇದ್ದರೆ ಅದೂ ಒಂದು ದಾರಿಯೇ. ಶುಗರ್‌ಗೂ ಒಳ್ಳೆಯದು, ಬೇಡವಾದರೆ ನಿಲ್ಲಿಸಲೂಬಹುದು. ಶುಗರ್ ವೈದ್ಯರ ಜೊತೆ ಕೂತು, ತಿಂಗಳಿಗೆ ಎಷ್ಟು ದಿನಾರು, ಎಷ್ಟು ವರ್ಷ ಎಂದು ನಿಮ್ಮ ಅಕೌಂಟ್ಸ್ ಬುದ್ಧಿಯಿಂದಲೇ ಒಮ್ಮೆ ಲೆಕ್ಕ ಹಾಕಿ. ಸರ್ಜರಿಯ ಖರ್ಚಿನ ಎದುರು ಇಟ್ಟು ನೋಡಿ. ನಡುವೆ ಕೆಲಸ ಹೋಗಿ ಊರಿಗೆ ಮರಳಬೇಕಾದರೆ ಎರಡರಲ್ಲಿ ಯಾವುದು ನಿಮ್ಮ ಕೈಯಲ್ಲಿ ಉಳಿಯುತ್ತದೆ ಎಂಬುದನ್ನೂ ಸೇರಿಸಿ. ಗಲ್ಫಿನಲ್ಲಿರುವವರು ಈ ಲೆಕ್ಕ ಬಿಡುವಂತಿಲ್ಲ.

ಸರ್ಜರಿಯ ನಂತರವೂ ತೂಕ ಮರಳಬಹುದು. ‘ಇದೊಂದು ಆದರೆ ಮುಗೀತು’ ಎಂಬ ನಂಬಿಕೆಯಲ್ಲಿ ಮಲಗಿದವರು ಮೂರನೇ ವರ್ಷ ನನ್ನ ಮುಂದೆ ಕೂತು ಅಳುತ್ತಾರೆ, ಅದಕ್ಕೇ ಮೊದಲೇ ಹೇಳುತ್ತಿದ್ದೇನೆ. ಸ್ವೀಡನ್ನಿನಲ್ಲಿ 1987ರಲ್ಲಿ ಶುರುವಾಗಿ ದಶಕಗಳು ನಡೆದ ದೊಡ್ಡ ಅಧ್ಯಯನವಿದೆ. ಅಲ್ಲಿ ಬೈಪಾಸ್ ಆದವರು ಮೊದಲೆರಡು ವರ್ಷದಲ್ಲಿ ತಮ್ಮ ತೂಕದ ಶೇ. 32ರಷ್ಟು ಇಳಿಸಿದ್ದರು, ಹತ್ತನೇ ವರ್ಷಕ್ಕೆ ಅದು ಶೇ. 25ಕ್ಕೆ ನಿಂತಿತ್ತು. ಸ್ವಲ್ಪ ಬಂತು, ಬಹುಪಾಲು ಬರಲಿಲ್ಲ. ಸರ್ಜರಿ ಇಲ್ಲದವರ ಗುಂಪು ಇದ್ದಲ್ಲೇ ಇತ್ತು. ನಿಮ್ಮ ಮೈಗೆ ಹೊಂದಿಸಿ ನೋಡಿದರೆ 96 ಎಂಬುದು ಹತ್ತು ವರ್ಷದ ನಂತರ 70–75ರ ಸುತ್ತ ಇರಬಹುದು. ಮದುವೆಯ ಆಲ್ಬಮ್ಮಿನ ಹುಡುಗಿ ಮರಳುವುದಿಲ್ಲ. ಶುಗರ್ ಮಾತ್ರೆ ಕಡಿಮೆಯಾಗಿ, ಲಿಫ್ಟ್ ಕೆಟ್ಟ ದಿನ ಮೆಟ್ಟಿಲು ಹತ್ತಲು ಆಗುವ 72 ಕೆ.ಜಿ. ನಿಮಗೆ ಸಾಕೇ? ಸಾಕು ಎಂದು ನಿಮ್ಮ ಒಳಗಿನಿಂದ ಬಂದರೆ ಮುಂದುವರಿಯಿರಿ.

ಈಗ ಜುಲೈ. 35 ದಿನದಲ್ಲಿ ಏನೇನು ಆಗಬೇಕೆಂದು ನೋಡಿ. ಗೊರಕೆ ಇರುವುದರಿಂದ ಅರಿವಳಿಕೆ ಕೊಡುವ ಮೊದಲು ನಿದ್ದೆಯ ಪರೀಕ್ಷೆ ಬೇಕಾದೀತು. ಯಕೃತ್ತಿನ ಕೊಬ್ಬು ಇಳಿಸಲು ಆಪರೇಷನ್ನಿಗೆ ಮೊದಲು ವಾರಗಟ್ಟಲೆ ಕಟ್ಟುನಿಟ್ಟಿನ ಪಥ್ಯ ಹೇಳುತ್ತಾರೆ. ಆಮೇಲೆ ದ್ರವ, ನಂತರ ನುಣ್ಣಗೆ ರುಬ್ಬಿದ್ದು, ನಂತರ ಮೆತ್ತಗಿನ ಅನ್ನ, ಇದೇ ಒಂದು ತಿಂಗಳು ಮೀರುತ್ತದೆ. ಹೊಲಿಗೆಯ ಜಾಗದಲ್ಲಿ ಸೋರಿಕೆ ಅಪರೂಪಕ್ಕೆ ಆಗುತ್ತದೆ. ಆದರೆ ಆಗುವುದಾದರೆ ಹೆಚ್ಚಾಗಿ ಮೊದಲ ಕೆಲವು ವಾರಗಳಲ್ಲೇ. ಜ್ವರ, ಎದೆ ಡವಗುಟ್ಟುವುದು, ಎಡಭುಜದ ನೋವು, ನಿಲ್ಲದ ವಾಂತಿ ಬಂದರೆ ಅದೇ ದಿನ ಆಸ್ಪತ್ರೆ ಸೇರಬೇಕು. ಕಾಲಿನ ರಕ್ತನಾಳದಲ್ಲಿ ಹೆಪ್ಪುಗಟ್ಟುವ ಅಪಾಯವೂ ಆ ಮೊದಲ ತಿಂಗಳಲ್ಲೇ, ನೀವು ಅಷ್ಟರಲ್ಲಿ ಮಂಗಳೂರಿನಿಂದ ವಿಮಾನದ ಇಕ್ಕಟ್ಟಿನ ಸೀಟಿನಲ್ಲಿ ಗಂಟೆಗಟ್ಟಲೆ ಕೂತಿರುತ್ತೀರಿ. ಇಳಿದ ಮಾರನೇ ಬೆಳಗ್ಗೆ ಕಂಪನಿ ಬಸ್ಸು. ಸರ್ಜನ್ ಮಂಗಳೂರಿನಲ್ಲಿ, ಹೊಟ್ಟೆ ಮಹಬೂಲಾದಲ್ಲಿ, ಗಂಡನಿಗೆ ಗೊತ್ತಿರುವುದು ಗಾಲ್‌ಬ್ಲ್ಯಾಡರ್. ರಾತ್ರಿ ಎರಡು ಗಂಟೆಗೆ ವಾಂತಿ ಶುರುವಾದರೆ ಅವರು ಎಮರ್ಜೆನ್ಸಿಯಲ್ಲಿ ಡಾಕ್ಟರಿಗೆ ಏನೆಂದು ಹೇಳಬೇಕು? ವಾಂತಿ ವಾರಗಟ್ಟಲೆ ನಡೆದರೆ ಥಯಮಿನ್ ಎಂಬ ಬಿ1 ಕುಸಿದು ನರಗಳಿಗೂ ಮಿದುಳಿಗೂ ಹಾನಿಯಾಗಬಹುದು. ಆಪರೇಷನ್ ಯಾವುದೆಂದು ಗೊತ್ತಿಲ್ಲದ ವೈದ್ಯರಿಗೆ ಅದು ಹೊಳೆಯದೇ ಹೋಗಬಹುದು.

ಪ್ಯಾಕೇಜಿನಲ್ಲಿ ಬರೆಯದ ಇನ್ನಷ್ಟಿವೆ. ಬಿ12, ಕಬ್ಬಿಣ, ಕ್ಯಾಲ್ಸಿಯಂ, ವಿಟಮಿನ್ ಡಿ ಬದುಕಿಡೀ. ಮೊದಲ ವರ್ಷ ಮೂರ್ನಾಲ್ಕು ಸಲ, ಆಮೇಲೆ ವರ್ಷಕ್ಕೊಮ್ಮೆ ರಕ್ತಪರೀಕ್ಷೆ. ಮೂರರಿಂದ ಆರನೇ ತಿಂಗಳಲ್ಲಿ ಕೂದಲು ಉದುರಿ ಬಚ್ಚಲು ತುಂಬುತ್ತದೆ, ಬಹುತೇಕ ಮತ್ತೆ ಬರುತ್ತದೆ. ದಿನಕ್ಕೆ 60 ಗ್ರಾಮಾದರೂ ಪ್ರೋಟೀನ್ ಎನ್ನುತ್ತಾರೆ. ಮೀನು ತಿನ್ನುವ ಕುಂದಾಪುರದವರಿಗೆ ಇದು ಸ್ವಲ್ಪ ಸುಲಭ, ಶನಿವಾರ ಸೋಮವಾರ ಬಿಡುವವರು ಹುರುಳಿ, ಹೆಸರುಕಾಳು, ಮೊಸರು, ಪನೀರಿಗೆ ಮೊರೆ ಹೋಗಬೇಕು. ಒಂದೂವರೆ ವರ್ಷ ಬಸಿರಾಗಬಾರದು. ತೂಕ ಇಳಿದಾಗ ಬಸಿರಾಗುವ ಸಾಧ್ಯತೆ ಹೆಚ್ಚುತ್ತದೆ, ಹಾಗಾಗಿ ಇದು ಗಂಡನಿಗೆ ತಿಳಿಯದೆ ನಡೆಯುವ ವಿಷಯವೇ ಅಲ್ಲ.

ಗುಟ್ಟು ಬೇಡ ಎಂದರೆ ಡಂಗುರ ಸಾರಿ ಎಂದಲ್ಲ. ಯಜಮಾನರಿಗೆ ಪೂರ್ತಿ ಗೊತ್ತಿರಬೇಕು. ಅಮ್ಮನಿಗೆ ಹೇಳಿದರೆ ಒಳ್ಳೆಯದು, ಆರೈಕೆ ಮಾಡುವವರು ಅವರೇ. ಅತ್ತೆಗೆ ‘ಶುಗರ್‌ಗೆ ಹೊಟ್ಟೆಯ ಆಪರೇಷನ್ ಹೇಳಿದ್ದಾರೆ’ ಎಂದರೆ ಸುಳ್ಳಲ್ಲ, ಅಷ್ಟು ಸಾಕು. ಶುಕ್ರವಾರ ಯಾರದೋ ಮನೆಯ ಊಟಕ್ಕೆ ಹೋದಾಗ ಎಲೆಯಲ್ಲಿ ಎರಡು ಚಮಚ ಕೋರಿರೊಟ್ಟಿ ಇಟ್ಟುಕೊಂಡು ಕೂತರೆ ‘ಸ್ವಲ್ಪ ಸ್ವಲ್ಪ ತಿನ್ನಲು ಡಾಕ್ಟರು ಹೇಳಿದ್ದಾರೆ’ ಎನ್ನಿ. ಉಳಿದವರಿಗೆ ನೀವು ಉತ್ತರ ಕೊಡಬೇಕಾಗಿಲ್ಲ. ‘ತೋರ ಆಗಿದ್ದೀ’ ಎಂದವರೇ ನಾಳೆ ‘ಏನಾಯ್ತು, ಇಷ್ಟು ಸೊರಗಿದ್ದೀ’ ಎನ್ನುತ್ತಾರೆ, ಅವರ ಬಾಯಿಯನ್ನು ಚಿಕ್ಕದು ಮಾಡುವ ಸರ್ಜನ್ ಇಲ್ಲ.

ಯಜಮಾನರ ಜೊತೆ ಮಾತು ಹೇಗೆ ಶುರು ಮಾಡಬೇಕೆಂದು ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ‘ನಾನು ಆಪರೇಷನ್ ಮಾಡಿಸಿಕೊಳ್ಳುತ್ತೇನೆ’ ಎಂದು ಶುರು ಮಾಡಿದರೆ ಅವರು ಬೇಡ ಎನ್ನುತ್ತಾರೆ, ಅಲ್ಲಿಗೆ ಮಾತು ಮುಗಿಯುತ್ತದೆ. ‘ನನ್ನ ಶುಗರ್ 8.6 ಇದೆ, ಹೀಗೇ ಇದ್ದರೆ ಕಣ್ಣು, ಕಿಡ್ನಿಗೆ ಬರುತ್ತದಂತೆ, ಡಾಕ್ಟರ ಹತ್ತಿರ ನೀವೂ ಬನ್ನಿ’ ಎನ್ನಿ. ಅವರ ವಿರೋಧದಲ್ಲಿ ಅರ್ಧ ಭಯವೇ ಇರಬಹುದು. ‘ಬಾಯಿ ಕಟ್ಟು’ ಎಂಬ ಮಾತಿನಲ್ಲಿ ಗಂಡಸರು ಎಷ್ಟೋ ಸಲ ಹೆದರಿಕೆಯನ್ನೇ ಬೈಗುಳ ಮಾಡಿ ಹೇಳುತ್ತಾರೆ.

ಇನ್ನು ಆವರಣದೊಳಗಿನ ಸಾಲುಗಳು. ರಾತ್ರಿ ಒಬ್ಬರೇ ನಿಂತು, ಹೊಟ್ಟೆ ತುಂಬಿದ ಮೇಲೂ ಕೈ ನಿಲ್ಲದೆ ತಿನ್ನುವುದು, ಆಮೇಲೆ ನಾಚಿಕೆ. ಇದು ವಾರಕ್ಕೊಮ್ಮೆಯಾದರೂ ತಿಂಗಳುಗಟ್ಟಲೆ ನಡೆದಿದ್ದರೆ ಮನೋವೈದ್ಯರ ಪುಸ್ತಕದಲ್ಲಿ 2013ರಿಂದ ಅದಕ್ಕೆ ಪ್ರತ್ಯೇಕ ಹೆಸರಿದೆ, ಬಿಂಜ್ ಈಟಿಂಗ್ ಕಾಯಿಲೆ ಎಂದು. ಬಹಳ ಮಂದಿಗೆ ಇರುವಂಥದ್ದು, ಚಿಕಿತ್ಸೆ ಇರುವಂಥದ್ದು. ಅದಿದೆ ಎಂಬ ಮಾತ್ರಕ್ಕೆ ಸರ್ಜರಿ ನಿರಾಕರಿಸುವುದಿಲ್ಲ. ಆದರೆ ಸರ್ಜನ್‌ಗೆ ಅದನ್ನು ಹೇಳದೆ ಮಲಗಿದರೆ ಕತ್ತರಿ ಜಠರವನ್ನಷ್ಟೇ ಚಿಕ್ಕದು ಮಾಡುತ್ತದೆ, ಆ ರಾತ್ರಿಗಳನ್ನಲ್ಲ. ಸ್ಲೀವ್ ಆದ ಹೊಟ್ಟೆಗೆ ಒಮ್ಮೆಗೇ ಬಟ್ಟಲು ಅನ್ನ ಹಿಡಿಸುವುದಿಲ್ಲ, ನಿಜ. ಆದರೆ ಐಸ್‌ಕ್ರೀಮ್, ಹಲ್ವ, ಪೆಪ್ಸಿ ಸರಾಗ ಇಳಿಯುತ್ತವೆ. ಮಿಕ್ಸ್‌ಚರ್ ಅರ್ಧರ್ಧ ಹಿಡಿಯಂತೆ ಮೂರು ಗಂಟೆ ಕಾಲ ಇಳಿಯುತ್ತದೆ. ಸರ್ಜರಿಯ ನಂತರ ತೂಕ ಮರಳುವ ದಾರಿಗಳಲ್ಲಿ ಇದು ಬಹಳ ಸವೆದ ದಾರಿ.

ನೀವು ಹಗಲಲ್ಲಿ ಏನು ತಿನ್ನುತ್ತೀರೆಂದು ಬರೆದಿಲ್ಲ. ನನ್ನ ಊಹೆ ಹೇಳಲೇ? ಬೆಳಗ್ಗೆ ಸಕ್ಕರೆ ಇಲ್ಲದ ಚಹಾ, ಮಧ್ಯಾಹ್ನ ಆಫೀಸಿನಲ್ಲಿ ಎಲ್ಲರೆದುರು ಎರಡು ಸೌತೆಕಾಯಿ ಹೋಳು, ಸಂಜೆ ಮಕ್ಕಳು ಬಿಟ್ಟ ತಿಂಡಿಯ ಕಡೆ ಕಣ್ಣು, ರಾತ್ರಿ ಅರ್ಧ ಚಪಾತಿ. ಹತ್ತೂವರೆಗೆ ಮನೆ ನಿಶ್ಶಬ್ದ, ಗಂಡ ಶಿಫ್ಟಿನಲ್ಲಿ, ತವರಿಗೆ ಫೋನ್ ಮಾಡೋಣವೆಂದರೆ ಊರಲ್ಲಿ ಮಧ್ಯರಾತ್ರಿ ದಾಟಿ ಒಂದು ಗಂಟೆ. ಇಡೀ ದಿನ ಕಟ್ಟಿದ ಬಾಯಿ ಬಿಚ್ಚುವುದು ಆಗಲೇ. ಅದರಲ್ಲಿ ಹಸಿವು ಎಷ್ಟು, ಒಂಟಿತನ ಎಷ್ಟು ಎಂದು ತೂಗುವ ತಕ್ಕಡಿ ನನ್ನ ಬಳಿ ಇಲ್ಲ, ನಿಮಗೆ ಗೊತ್ತಾಗಬಹುದು. ಎರಡು ವಾರ ಒಂದು ನೋಟ್‌ಬುಕ್ ಇಡಿ. ಕ್ಯಾಲೊರಿ ಬರೆಯಬೇಡಿ. ಗಂಟೆ ಎಷ್ಟು, ಮನೆಯಲ್ಲಿ ಯಾರಿದ್ದರು, ತಿನ್ನುವುದಕ್ಕೆ ಹತ್ತು ನಿಮಿಷ ಮೊದಲು ಮನಸ್ಸಿನಲ್ಲಿ ಏನಿತ್ತು, ಇಷ್ಟೇ. ಆ ಎರಡು ವಾರ ಹಗಲೂಟ ಬಿಡಬೇಡಿ. ಬೆಳಗ್ಗೆ ಕುಚ್ಚಲಕ್ಕಿ ಗಂಜಿ, ಮೊಟ್ಟೆ, ಮಧ್ಯಾಹ್ನ ಮೀನು ಅಥವಾ ಹುರುಳಿ ಸಾರಿನ ಜೊತೆ ಸರಿಯಾದ ಊಟ, ಸಂಜೆ ಐದಕ್ಕೆ ಏನಾದರೂ. ಶುಗರ್ ಮಾತ್ರೆ ತಿನ್ನುವವರು ಹೊಟ್ಟೆ ಖಾಲಿ ಬಿಡುವುದೇ ತಪ್ಪು. ಎಷ್ಟೋ ಮಂದಿಯ ರಾತ್ರಿಯ ಕೈ ಹಗಲಿನ ತಟ್ಟೆಯಿಂದಲೇ ಅರ್ಧ ನಿಲ್ಲುವುದನ್ನು ನೋಡಿದ್ದೇನೆ. ಉಳಿದರ್ಧಕ್ಕೆ ಕ್ಲಿನಿಕಲ್ ಸೈಕಾಲಜಿಸ್ಟ್ ಬೇಕು. ಕನ್ನಡದಲ್ಲೇ ಮಾತಾಡುವವರು ಬೆಂಗಳೂರು, ಮಂಗಳೂರು, ಮಣಿಪಾಲದಲ್ಲಿ ಇದ್ದಾರೆ, ವಿಡಿಯೊ ಕಾಲ್‌ನಲ್ಲಿ ವಾರಕ್ಕೊಮ್ಮೆ ನೋಡುತ್ತಾರೆ. ಯಜಮಾನರ ನೈಟ್ ಶಿಫ್ಟಿನ ದಿನವೇ ಆ ಸಮಯ ಹಿಡಿದುಕೊಳ್ಳಿ.

ಜುಲೈಯ ಟಿಕೆಟ್ ರದ್ದು ಮಾಡಬೇಡಿ. ಆ ರಜೆಯನ್ನು ಪರೀಕ್ಷೆಗಳಿಗೆ ಇಟ್ಟುಕೊಳ್ಳಿ: ಎಂಡೋಸ್ಕೋಪಿ, ಹೊಟ್ಟೆಯ ಸ್ಕ್ಯಾನ್, ನಿದ್ದೆಯ ಪರೀಕ್ಷೆ, ಬಿ12, ಕಬ್ಬಿಣ, ವಿಟಮಿನ್ ಡಿ. ಗಲ್ಫಿನಲ್ಲಿ ಬಿಸಿಲು ಸುಡುತ್ತದೆ ಎಂದು ಎಲ್ಲರೂ ಒಳಗೇ ಇರುವುದರಿಂದ ಈ ಕೊನೆಯದು ಈಗಲೇ ಕಡಿಮೆ ಇದ್ದರೂ ಆಶ್ಚರ್ಯವಿಲ್ಲ. ಇಬ್ಬರು ಸರ್ಜನ್‌ಗಳನ್ನು ಕಾಣಿ, ಯಜಮಾನರು ಬಂದಿರುವ ಆ ಹತ್ತು ದಿನದಲ್ಲಿ, ಅವರನ್ನೂ ಕರೆದುಕೊಂಡು. ವರ್ಷಕ್ಕೆ ಇಂಥವು ಎಷ್ಟು ಮಾಡುತ್ತೀರಿ, ಸೋರಿಕೆ ಆದರೆ ರಾತ್ರಿ ನೋಡುವವರು ಯಾರು, ನನ್ನ ಎದೆಯುರಿಗೆ ಸ್ಲೀವ್ ಆದೀತೇ, ಡಯಟೀಷಿಯನ್ ಎಷ್ಟು ದಿನ ಜೊತೆಗಿರುತ್ತಾರೆ ಎಂದು ನೇರ ಕೇಳಿ. ಊರಿನಲ್ಲಿ ಹೆಲ್ತ್ ಇನ್ಶೂರೆನ್ಸ್ ಇದ್ದರೆ ಪಾಲಿಸಿ ತೆಗೆದು ಓದಿ. ವಿಮಾ ನಿಯಂತ್ರಣ ಪ್ರಾಧಿಕಾರವಾದ ಐಆರ್‌ಡಿಎಐ 2019ರಲ್ಲಿ ಮಾಡಿದ ನಿಯಮದಂತೆ ಬಿಎಂಐ 40 ದಾಟಿದವರನ್ನು, ಇಲ್ಲವೇ 35ರ ಮೇಲಿದ್ದು ನಿಯಂತ್ರಣಕ್ಕೆ ಬಾರದ ಶುಗರ್, ನಿದ್ದೆಯಲ್ಲಿ ಉಸಿರು ಕಟ್ಟುವ ತೀವ್ರ ಸ್ಲೀಪ್ ಆಪ್ನಿಯಾದಂಥ ಕಾಯಿಲೆ ಇರುವವರನ್ನು ಬೊಜ್ಜಿನ ಸರ್ಜರಿ ಎಂಬ ಒಂದೇ ಕಾರಣಕ್ಕೆ ತಳ್ಳಿಹಾಕುವಂತಿರಲಿಲ್ಲ, ನಿಮ್ಮ ಪಾಲಿಸಿಯಲ್ಲಿ ಅದು ಹಾಗೇ ಇದೆಯೇ ನೋಡಿ. ಆದರೆ ಬೇರೆ ಪ್ರಯತ್ನಗಳು ವಿಫಲವಾದುದಕ್ಕೆ ಕಾಗದ ಕೇಳುತ್ತಾರೆ. ಜಿಮ್ಮಿನ ರಸೀದಿ, ಇಂಜೆಕ್ಷನ್ನಿನ ಚೀಟಿ, ಹಳೆಯ ಲ್ಯಾಬ್ ವರದಿ ಬಿಸಾಡಿರದಿದ್ದರೆ ಒಂದು ಫೈಲಿಗೆ ಹಾಕಿ.

ಆಮೇಲೆ ಕುವೈತಿನಲ್ಲೇ ಮಾಡಿಸಿಕೊಳ್ಳುತ್ತೀರೋ, ಚಳಿಗಾಲದಲ್ಲಿ ಎರಡು ತಿಂಗಳ ರಜೆ ಹೊಂದಿಸಿ ಊರಿಗೆ ಬರುತ್ತೀರೋ, ಇಂಜೆಕ್ಷನ್ನಿಗೇ ಮರಳುತ್ತೀರೋ, ಆ ವರದಿಗಳು ಕೈಯಲ್ಲಿದ್ದಾಗ ನಿರ್ಧರಿಸಿ. ಊರಲ್ಲಿ ಆದರೂ ಕುವೈತಿನಲ್ಲಿ ಆಮೇಲಿನ ನಿಗಾ ನೋಡಿಕೊಳ್ಳುವ ವೈದ್ಯರೊಬ್ಬರನ್ನು ಮೊದಲೇ ಒಪ್ಪಿಸಿಕೊಂಡಿರಿ. ತಕ್ಮೀಮ್ ಇಷ್ಟು ಮಾಮೂಲಾದ ದೇಶದಲ್ಲಿ ಅಂಥವರು ಸಿಗುವುದು ಕಷ್ಟವಲ್ಲ, ನಿಮ್ಮ ಆಫೀಸಿನ ಆ ಇಬ್ಬರನ್ನೇ ಕೇಳಿ. ಎಂಡೋಸ್ಕೋಪಿಯ ದಿನ ಹಿಂದಿನ ರಾತ್ರಿಯಿಂದ ಹೊಟ್ಟೆ ಖಾಲಿ ಇಟ್ಟುಕೊಂಡು ಹೋಗಬೇಕಾಗುತ್ತದೆ. ಅಂದು ಶುಗರ್ ಮಾತ್ರೆ ತಿನ್ನಬೇಕೋ ಬೇಡವೋ ಎಂದು ಅಪಾಯಿಂಟ್‌ಮೆಂಟ್ ತೆಗೆದುಕೊಳ್ಳುವಾಗಲೇ ಕೇಳಿಕೊಳ್ಳಿ.